ಏಳನೆಯ ಪ್ರಶ್ನೆಯ ಎರಡನೆಯ ಸಾಲು

ಬೆಳಗಿನ ಐದೂಮುಕ್ಕಾಲು. ಮೂರನೆಯ ಮಹಡಿಯ ಮೂಲೆ ಕೋಣೆಯಲ್ಲಿ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಮೇಜಿನ ಮೇಲೆ ಉತ್ತರ ಪತ್ರಿಕೆಗಳ ಕಟ್ಟು. ಪಕ್ಕದಲ್ಲಿ ಹಳೆಯ ಪ್ರೂಫ್ ಹಾಳೆಗಳು, ಅವುಗಳ ಹಿಂಬದಿಯಲ್ಲಿ ಪೆನ್ಸಿಲ್ ಲೆಕ್ಕ. ಕುರ್ಚಿಯಲ್ಲಿ ಕೂತ ಹೆಂಗಸು ಕಂಪ್ಯೂಟರ್ ಇನ್ನೂ ಹಚ್ಚಿಲ್ಲ. ಯಾರದೋ ಕೈಬರಹದ ಒಂದು ಸಾಲಿನ ಕೆಳಗೆ ಸ್ಕೇಲ್ ಇಟ್ಟುಕೊಂಡಿದ್ದಾರೆ. ಆ ಸಾಲು ಅರ್ಥವಾಗುವವರೆಗೆ ಸ್ಕೇಲ್ ಮುಂದಿನ ಸಾಲಿಗೆ ಇಳಿಯುವುದಿಲ್ಲ.

"ಮೇಲಿನ ಸಾಲಿಂದ ಕೆಳಗಿನ ಸಾಲು ಹೇಗೆ ಬಂತು ಅಂತ ಗೊತ್ತಾಗ್ದೆ ನಾನು ಒಂದಕ್ಷರ ಹೊಡೆಯಲ್ಲ," ಎನ್ನುತ್ತಾರೆ. "ಬೇರೆಯವರು ಗಂಟೆಗೆ ಎಂಟು ಪುಟ ಹೊಡೀತಾರಂತೆ. ನಂದು ದಿನಕ್ಕೆ ಆರು. ಬೈಸ್ಕೊಂಡು ಬೈಸ್ಕೊಂಡು ಚರ್ಮ ದಪ್ಪ ಆಗಿದೆ ಬಿಡಿ."

ಇವರು ಗಣಿತ ಸಂಘದ ಅಕ್ಷರ ಜೋಡಣೆಯವರು. ವಯಸ್ಸು ಐವತ್ತಾರು, ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷ. ಸಂಘದ ದೊಡ್ಡವರ ಬಾಯಲ್ಲಿ 'ಟೈಪಿಂಗ್ ಮೇಡಂ'. ಪತ್ರ ಬರೆಯುವ ವಿದ್ಯಾರ್ಥಿಗಳಿಗೆ 'ಸ್ಕೇಲಕ್ಕ'. ವಿದ್ಯಾರ್ಥಿಗಳು ಇಟ್ಟದ್ದೇ ಸರಿಯಾಗಿದೆ.

ಪದವಿ ತರಗತಿಗಳ ಗಣಿತಕ್ಕೆಂದೇ ಅಧ್ಯಾಪಕರು ಕಟ್ಟಿಕೊಂಡ ಸಂಘ ಇದು. ಮೂರು ತಿಂಗಳಿಗೊಮ್ಮೆ ಇಲ್ಲಿಂದ ಹೊರಡುವ ಪತ್ರಿಕೆ ಇನ್ನೂರ ಹನ್ನೆರಡು ಕಾಲೇಜುಗಳಿಗೆ ಹೋಗುತ್ತದೆ. ಪುಸ್ತಕದ ಪೆಟ್ಟಿಗೆಗಳು ಕಾಲೇಜಿನಿಂದ ಕಾಲೇಜಿಗೆ ಸುತ್ತುತ್ತವೆ. ಗಣಿತಕ್ಕೆ ಒಬ್ಬರೇ ಅಧ್ಯಾಪಕರಿರುವ ಕಡೆ ವರ್ಷಕ್ಕೆರಡು ಸಲ ಹೊರಗಿನಿಂದ ಯಾರಾದರೂ ಹೋಗಿ ವಾರವಿಡೀ ಪಾಠ ಮಾಡಿ ಬರುತ್ತಾರೆ. ವರ್ಷಕ್ಕೊಂದು ಸ್ಪರ್ಧಾ ಪರೀಕ್ಷೆ ಇದೆ. ಈ ಸಲ ಸಾವಿರದ ಎಂಟುನೂರ ನಲವತ್ತು ಮಂದಿ ಬರೆದಿದ್ದಾರೆ. ಮೊದಲ ಮೂವತ್ತು ಜನರಿಗೆ ಬೇಸಿಗೆಯಲ್ಲಿ ಮೂರು ವಾರದ ಶಿಬಿರ. ಎರಡು ಕಪಾಟಿನ ಲೈಬ್ರರಿಯಲ್ಲಿ ಓದಿಕೊಂಡು ಬಂದ ಮಕ್ಕಳು ತಮ್ಮಂಥ ಹುಚ್ಚರು ಇನ್ನೂ ಇದ್ದಾರೆಂದು ಮೊದಲ ಸಲ ಅಲ್ಲಿ ಕಾಣುತ್ತಾರೆ. ಒಳ್ಳೆಯ ಕೆಲಸ. ಕೋಪ ಬರುವುದು ಅದಕ್ಕೇ.

ಸ್ಕೇಲಕ್ಕ ಹನ್ನೆರಡನೆಯ ತರಗತಿಯಲ್ಲಿ ನಪಾಸು. ನಪಾಸಾದದ್ದು ಗಣಿತದಲ್ಲೇ. "ಫೇಲಾದವಳಿಗೆ ಇಲ್ಲೇ ಕೆಲಸ ಸಿಕ್ತು ನೋಡಿ. ಬಿದ್ದ ಬಾವೀಲೇ ನೀರು ಸೇದೋ ಹಾಗೆ," ಎಂದು ನಗುತ್ತಾರೆ. ತಂದೆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು. ಕೈಯ ಚುರುಕು ಅಲ್ಲಿಂದ ಬಂದದ್ದು. ಆದರೆ ಇವರು ಜೋಡಿಸಿದ ಮೊದಲ ಸಂಚಿಕೆಯಲ್ಲಿ ಒಂದು ಕೂಡುವ ಚಿಹ್ನೆಯ ಜಾಗದಲ್ಲಿ ಕಳೆಯುವ ಚಿಹ್ನೆ ಬಿತ್ತು. ಆಗಿನ ಸಂಪಾದಕರು ಪ್ರೂಫ್ ಕಟ್ಟನ್ನು ಇವರ ಮೇಜಿನ ಮೇಲೆ ಎಸೆದು, "ನಿಮಗೇನು ಗೊತ್ತಾಗುತ್ತೆ ಪಾಪ," ಎಂದರಂತೆ. ಬೈಗುಳಕ್ಕಿಂತ ಆ 'ಪಾಪ' ಹೆಚ್ಚು ಚುಚ್ಚಿತು. ಕಾಲೇಜುಗಳಿಗೆ ಹೋಗುವ ಪುಸ್ತಕದ ಪೆಟ್ಟಿಗೆಗಳು ರವಾನೆಗೆ ಮುಂಚೆ ಇದೇ ಕೋಣೆಯಲ್ಲಿ ಎರಡು ವಾರ ಬಿದ್ದಿರುತ್ತವೆ. ಸ್ಕೇಲಕ್ಕ ಒಂದೊಂದೇ ಪುಸ್ತಕ ತೆಗೆದು, ಓದಿ, ಹಾಗೇ ವಾಪಸ್ ಇಟ್ಟರು. ಇಪ್ಪತ್ತೊಂಬತ್ತು ವರ್ಷ.

ಗಂಡ ದರ್ಜಿ. ಮನೆಯ ಮುಂಗೋಣೆಯೇ ಅವರ ಅಂಗಡಿ. ಹೆಂಡತಿಯ ಗಣಿತದ ಬಗ್ಗೆ ಕೇಳಿದರೆ ಹೊಲಿಗೆ ಯಂತ್ರ ನಿಲ್ಲಿಸುತ್ತಾರೆ. "ಹಾಲು ಉಕ್ಕಿ ಒಲೆ ಆರಿಹೋಗಿರತ್ತೆ, ಇವಳು ಪಕ್ಕದಲ್ಲೇ ನಿಂತು 'ಹಾಗಾದ್ರೆ ಇದು ಅನಂತಕ್ಕೆ ಹೋಗತ್ತೆ' ಅಂತಿರ್ತಾಳೆ. ನಾನು, 'ಹೌದಮ್ಮ, ಹೋಯ್ತು, ನೆಲದ ಮೇಲೆಲ್ಲ ಹೋಯ್ತು' ಅಂತೀನಿ."

"ನೀವು ಮದುಮಗನ ಕೋಟಿಗೆ ಜೇಬು ತಲೆಕೆಳಗೆ ಹೊಲಿದ ಕತೆ ಹೇಳ್ಲಾ ಇವ್ರಿಗೆ?" ಒಳಗಿನಿಂದ ಬರುತ್ತದೆ ಉತ್ತರ.

"ಬೇಡ ಮಾರಾಯ್ತಿ."

ಇವರ ನಿತ್ಯದ ಕೆಲಸದಲ್ಲಿ ಯಾರೂ ಹೇಳದ ಒಂದು ಕೆಲಸವಿದೆ. ಪತ್ರಿಕೆಯ ಪ್ರತಿ ಸಂಚಿಕೆಯಲ್ಲಿ ಹತ್ತು ಸಮಸ್ಯೆ ಇರುತ್ತವೆ. ವಿದ್ಯಾರ್ಥಿಗಳು ಬಿಡಿಸಿ ಕಳಿಸುತ್ತಾರೆ. ಸರಿಯಾದವು ಅಚ್ಚಾಗುತ್ತವೆ, ತಪ್ಪಾದವು ಕಸದ ಬುಟ್ಟಿಗೆ; ಉತ್ತರ ಬರೆಯಬೇಕೆಂಬ ನಿಯಮವಿಲ್ಲ. ಸ್ಕೇಲಕ್ಕ ಬುಟ್ಟಿಯಿಂದ ಅವನ್ನು ಎತ್ತಿಕೊಳ್ಳುತ್ತಾರೆ. ಸರಿಯಿರುವ ಕೊನೆಯ ಸಾಲು ಹುಡುಕಿ, ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆದು, 'ಇಲ್ಲಿಯವರೆಗೆ ಸರಿ' ಎಂದು ಬರೆದು ವಾಪಸ್ ಕಳಿಸುತ್ತಾರೆ. ದಿನಕ್ಕೆ ಹದಿನೈದು ಲಕೋಟೆ.

"ತಪ್ಪು ಅಂತ ಬರೆದ್ರೆ ಇಡೀ ಹಾಳೆನೇ ತಪ್ಪು ಅನ್ಕೋತಾರೆ ಮಕ್ಳು. ಹನ್ನೊಂದು ಸಾಲು ಸರಿ ಇರತ್ತೆ, ಹನ್ನೆರಡನೇದು ಜಾರಿರತ್ತೆ. ಆ ಹನ್ನೊಂದು ಸಾಲಿಗೆ ಯಾರಾದ್ರೂ ಹೇಳ್ಬೇಕಲ್ಲ, ನೀನು ಸರಿ ಅಂತ?"

ಹಾಗೆ ಗೆರೆ ಎಳೆಸಿಕೊಂಡವರಲ್ಲಿ ಇಬ್ಬರು ಈಗ ಸಂಘದ ಕಾರ್ಯಕಾರಿ ಸಮಿತಿಯಲ್ಲೇ ಇದ್ದಾರೆ. ಕಳೆದ ಸಭೆಯಲ್ಲಿ ಇಬ್ಬರೂ ಬಾಯಿ ಬಿಡಲಿಲ್ಲ.

ಆ ಸಭೆಯ ಕತೆ ಎರಡು ತಿಂಗಳ ಹಿಂದೆ ಶುರುವಾಗುತ್ತದೆ. ಸ್ಪರ್ಧೆಯ ಮಾದರಿ ಉತ್ತರಗಳನ್ನು ಸ್ಕೇಲಕ್ಕ ಮುಂದಿನ ಸಂಚಿಕೆಗಾಗಿ ಜೋಡಿಸುತ್ತಿದ್ದರು. ಏಳನೆಯ ಪ್ರಶ್ನೆ ಬಹುಪದೋಕ್ತಿಗಳ ಬಗ್ಗೆ. ಎಕ್ಸ್ ಇರುವ ಕಡೆಯಲ್ಲೆಲ್ಲ ಎಕ್ಸ್‌ನ ವರ್ಗ ಇಟ್ಟರೂ, ಇಡೀ ಉಕ್ತಿಯನ್ನೇ ವರ್ಗ ಮಾಡಿದರೂ ಒಂದೇ ಫಲ ಬರಬೇಕು. ಅಂಥವು ಯಾವ ಯಾವುವು? ಪ್ರಶ್ನೆ ತೆಗೆದ ಹಿರಿಯ ಪ್ರಾಧ್ಯಾಪಕರ ಉತ್ತರ: ಒಂದು, ಎಕ್ಸ್, ಎಕ್ಸ್‌ನ ವರ್ಗ, ಘನ, ಹೀಗೆ ಮುಂದಕ್ಕೆ; ಬೇರೆ ಯಾವುದೂ ಇಲ್ಲ. ಅವರ ಎರಡನೆಯ ಸಾಲಿನಲ್ಲಿ, 'ಎರಡೂ ಕಡೆಯನ್ನು ಆ ಉಕ್ತಿಯಿಂದಲೇ ಭಾಗಿಸಿದಾಗ' ಎಂದಿತ್ತು.

ಸ್ಕೇಲ್ ಅಲ್ಲಿ ನಿಂತಿತು.

"ಸೊನ್ನೆಯಿಂದ ಭಾಗಿಸ್ಬಾರ್ದು ಅಂತ ಏಳನೇ ಕ್ಲಾಸಲ್ಲಿ ಮೇಷ್ಟ್ರು ಕಿವಿ ಹಿಂಡಿ ಹೇಳಿದ್ರು. ಅದು ಸೊನ್ನೆ ಅಲ್ಲ ಅಂತ ಇವ್ರಿಗೆ ಯಾರು ಹೇಳಿದ್ದು? ಸೊನ್ನೆಯಲ್ಲಿ ಎಕ್ಸೇ ಇಲ್ಲ, ಏನಿಟ್ರೂ ಸೊನ್ನೆ. ವರ್ಗ ಮಾಡಿದ್ರೂ ಸೊನ್ನೆ. ಅದೂ ಒಂದು ಉತ್ತರ ತಾನೇ?"

ಮೂರು ದಿನ ತಮ್ಮದೇ ತಪ್ಪಿರಬೇಕೆಂದು ಹುಡುಕಿದರು. ಸಿಗಲಿಲ್ಲ. ಕಾರ್ಯದರ್ಶಿಗೆ ಹೇಳಿದರು. "ಇದ್ದ ಹಾಗೆ ಹೊಡೀರಿ ಮೇಡಂ," ಎಂದರು ಅವರು.

ಆ ವಾರವೇ ಒಂದು ಲಕೋಟೆ ಬಂತು. ಎರಡನೆಯ ವರ್ಷದ ವಿದ್ಯಾರ್ಥಿನಿ. ಪ್ರಶ್ನೆವಾರು ಅಂಕಪಟ್ಟಿ ಅವಳ ಕೈ ಸೇರಿತ್ತು. ಏಳನೆಯ ಪ್ರಶ್ನೆಗೆ ಬರೆದದ್ದನ್ನು ನೆನಪಿನಿಂದ ಮತ್ತೆ ಬರೆದು ಕಳಿಸಿದ್ದಳು. ಅಂಕಪಟ್ಟಿ ನೋಡಿದ ಮೇಲೆ ಗಣಿತ ಬಿಡುತ್ತೇನೆಂದು ಮನೆಯಲ್ಲಿ ಹೇಳಿಯಾಗಿದೆಯಂತೆ. ಕೊನೆಯ ಸಾಲು ಹೀಗಿತ್ತು: 'ಅಕ್ಕ, ಒಂದು ಅಂಕ ಎಲ್ಲಿ ಹೋಯಿತೋ ಗೊತ್ತಾಗುತ್ತಿಲ್ಲ. ಎಲ್ಲಿಯವರೆಗೆ ಸರಿ ಎಂದು ಗೆರೆ ಹಾಕಿ ಕಳಿಸಿ.'

ಅವಳ ಉತ್ತರದಲ್ಲಿ ಒಂದು ಇತ್ತು, ಎಕ್ಸ್ ಇತ್ತು, ಎಲ್ಲ ಘಾತಗಳೂ ಇದ್ದವು. ಸೊನ್ನೆಯೂ ಇತ್ತು.

ಸ್ಕೇಲಕ್ಕ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದ್ದು ಆಗ. ಒಬ್ಬಳಿಗಾಗಿ ಮಾತ್ರ ಕೇಳಿದರೆ ಪಕ್ಷಪಾತ ಎನ್ನುತ್ತಾರೆ, ಆದ್ದರಿಂದ ಎಲ್ಲವನ್ನೂ ನೋಡಬೇಕು. ಒಂಬತ್ತರ ನಂತರ ಫೋನು, ಪತ್ರ, ಜೆರಾಕ್ಸ್. ಹಾಗಾಗಿ ಕಾವಲುಗಾರನಿಗೆ ಹೇಳಿ ಐದೂವರೆಗೇ ಬಾಗಿಲು ತೆಗೆಸಿದರು. ಬೆಳಿಗ್ಗೆಗೆ ಎಂಬತ್ತು ತೊಂಬತ್ತು ಪತ್ರಿಕೆ. ಇಪ್ಪತ್ತೆರಡು ದಿನ ಹಿಡಿಯಿತು.

ಸೊನ್ನೆಯನ್ನೂ ಬರೆದವರು ಇಪ್ಪತ್ತಮೂರು ಮಂದಿ. ಇಪ್ಪತ್ತಮೂರು ಹಾಳೆಗಳಲ್ಲೂ ಆ ಸೊನ್ನೆಯ ಸುತ್ತ ಕೆಂಪು ವೃತ್ತ, ಒಂದು ಅಂಕ ಕಡಿತ. ಮೌಲ್ಯಮಾಪನ ಮಾಡಿದ ನಲವತ್ತು ಅಧ್ಯಾಪಕರು ಕೀ ಉತ್ತರ ನೋಡಿದರು, ಅದರಲ್ಲಿ ಸೊನ್ನೆ ಇರಲಿಲ್ಲ, ಹೊಡೆದು ಹಾಕಿದರು. ಸೊನ್ನೆಯನ್ನು ಮರೆತವರಿಗೆ ಪೂರ್ತಿ ಅಂಕ ಬಂತು. ನೆನಪಿಟ್ಟವರಿಗೆ ಶಿಕ್ಷೆ ಆಯಿತು. ನಲವತ್ತು ಜನ ಪದವಿ ತರಗತಿಗಳಿಗೆ ಗಣಿತ ಕಲಿಸುವವರು, ಒಬ್ಬರೂ ಪೆನ್ನು ಎತ್ತಿ 'ಒಂದು ನಿಮಿಷ' ಎನ್ನಲಿಲ್ಲ.

ಇಪ್ಪತ್ತಮೂರರಲ್ಲಿ ಇಪ್ಪತ್ತೆರಡು ಜನರಿಗೆ ಆ ಒಂದು ಅಂಕದಿಂದ ಶಿಬಿರದ ಮಟ್ಟಿಗೆ ಏನೂ ಬದಲಾಗದು. ಕೆಲವರು ಹೇಗೂ ಪಟ್ಟಿಯಲ್ಲಿದ್ದಾರೆ, ಉಳಿದವರು ತುಂಬ ಕೆಳಗಿದ್ದಾರೆ. ಪತ್ರ ಬರೆದ ಹುಡುಗಿ ಮೂವತ್ತೊಂದನೆಯವಳು. ಮೂವತ್ತನೆಯವರಿಗಿಂತ ಅರ್ಧ ಅಂಕ ಹಿಂದೆ.

ಸ್ಕೇಲಕ್ಕ ಒಂದು ಪುಟದ ಪತ್ರ ಬರೆದು ಸಮಿತಿಗೆ ಕೊಟ್ಟರು. ಸಭೆಗೆ ಕರೆದರು, ಕುರ್ಚಿ ಹಾಕಲಿಲ್ಲ. ಪ್ರಶ್ನೆ ತೆಗೆದ ಪ್ರಾಧ್ಯಾಪಕರು ಪತ್ರ ಓದಿ ನಕ್ಕರಂತೆ. "ಅದು ಕ್ಷುಲ್ಲಕ ಪರಿಹಾರ ಕಣಮ್ಮ. ಗಣಿತದಲ್ಲಿ ಅಂಥದ್ದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ."

"ಹೇಳೋದು ಬೇಡ ಸರ್. ಹೇಳಿದವ್ರ ಮಾರ್ಕ್ಸ್ ಯಾಕೆ ಕಿತ್ಕೊಂಡ್ರಿ?"

ಒಬ್ಬರು, "ಟೀ ಬಂತು," ಎಂದರು.

ಟೀ ಮುಗಿದ ಮೇಲೆ ನಿರ್ಧಾರವಾಯಿತು. ಸಂಚಿಕೆಯ ಕೊನೆಯ ಪುಟದಲ್ಲಿ ಒಂದು ತಿದ್ದುಪಡಿ: 'ಏಳನೆಯ ಪ್ರಶ್ನೆಯ ಮಾದರಿ ಉತ್ತರದಲ್ಲಿ ಶೂನ್ಯವನ್ನೂ ಸೇರಿಸಿಕೊಂಡು ಓದಬೇಕಾಗಿ ವಿನಂತಿ. ಇದರಿಂದ ಫಲಿತಾಂಶದ ಮೇಲೆ ಯಾವುದೇ ಪರಿಣಾಮವಿಲ್ಲ.' ಜೋಡಿಸಲು ಸ್ಕೇಲಕ್ಕನ ಕೈಗೇ ಕೊಟ್ಟರು. ಜೊತೆಗೆ ಒಂದು ನೋಟಿಸ್: ಅನುಮತಿಯಿಲ್ಲದೆ ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿದ್ದೇಕೆ? ಮತ್ತೆ ಬಾಯಿಮಾತಿನ ಆಜ್ಞೆ: ಸ್ಪರ್ಧೆಯ ವಿಷಯದಲ್ಲಿ ಯಾವ ವಿದ್ಯಾರ್ಥಿಗೂ ಪತ್ರ ಬರೆಯಕೂಡದು.

"ನೋಟಿಸನ್ನೂ ಬಿಡಲಿಲ್ಲ ಇವಳು," ಎನ್ನುತ್ತಾರೆ ಗಂಡ. "ತಾರೀಕು ತಪ್ಪಿದೆ ಅಂತ ತಿದ್ದಿ ಫೈಲ್ ಮಾಡಿದ್ಲು." ನಗಲು ಹೊರಟವರು ಅರ್ಧಕ್ಕೆ ನಿಲ್ಲಿಸಿ ದಾರ ಪೋಣಿಸುತ್ತಾರೆ. "ಇನ್ನು ಎರಡು ವರ್ಷ ಇದೆ ನಿವೃತ್ತಿಗೆ. ಸುಮ್ನಿರು ಅಂತ ಒಂದು ಸಲ ಹೇಳ್ದೆ. ಎರಡನೇ ಸಲ ಹೇಳೋಕೆ ನಂಗೇ ನಾಚಿಕೆ ಆಯ್ತು."

ಇದನ್ನು ಬರೆಯಲೆಂದು ನಾನು ಕಾರ್ಯದರ್ಶಿಯನ್ನೂ ಅವರ ಕೋಣೆಯಲ್ಲಿ ಕಂಡೆ. ಸಜ್ಜನರು. ಕುರ್ಚಿ ತೋರಿಸಿದರು, ಫ್ಯಾನ್ ಹಾಕಿದರು.

"ಪಟ್ಟಿ ಪ್ರಕಟ ಆಗಿದೆ. ಒಂದು ಸಲ ಬಿಚ್ಚಿದ್ರೆ ನಾಳೆ ಎಲ್ರೂ ಬರ್ತಾರೆ."

"ಎಲ್ಲರೂ ಅಂದರೆ?"

"ತಪ್ಪಾಗಿದೆ ಅನ್ನೋರು."

"ತಪ್ಪಾಗಿದೆಯಲ್ಲ?"

"ತಾಂತ್ರಿಕವಾಗಿ," ಎಂದರು. "ಅವ್ರು ಒಳ್ಳೆಯವ್ರು. ಆದ್ರೆ ಅವ್ರ ಕೆಲಸ ಟೈಪಿಂಗು. ಪ್ರೊಫೆಸರಿಗೆ ಎಪ್ಪತ್ತೆರಡು ವರ್ಷ. ಈ ವಯಸ್ಸಲ್ಲಿ ಅವ್ರಿಗೆ ಮುಜುಗರ ಮಾಡೋದು ಸರಿನಾ, ನೀವೇ ಹೇಳಿ."

ಹುಡುಗಿಗೆ ಹತ್ತೊಂಬತ್ತು. ಅವಳ ವಯಸ್ಸಿನ ಮಾತನ್ನು ಆ ಕೋಣೆಯಲ್ಲಿ ಯಾರೂ ಎತ್ತಲಿಲ್ಲ. ಸಾಬೀತಾಗದ ಒಂದು ಮಾತನ್ನೂ ನಂಬಬಾರದೆಂದು ಮಕ್ಕಳಿಗೆ ಕಲಿಸುವ ಸಂಘ ಇದು. ಸಾಬೀತು ಒಂದು ಪುಟದಲ್ಲಿ ಎದುರಿಗೆ ಬಂದಾಗ, ತಂದವರು ಯಾರು ಎಂದು ನೋಡಿತು. ಪ್ರಾಧ್ಯಾಪಕರು ತಪ್ಪು ಮಾಡಿದ್ದು ದೊಡ್ಡದಲ್ಲ. ಭಾಗಿಸುವ ಆತುರದಲ್ಲಿ ಸೊನ್ನೆಯನ್ನು ಮರೆಯುವುದು ಯಾರಿಗೂ ಆಗುತ್ತದೆ. ತಿಳಿದ ಮೇಲೂ 'ಪರಿಣಾಮವಿಲ್ಲ' ಎಂದು ಅಚ್ಚು ಹಾಕಿಸಲು ಹೊರಟದ್ದು ಮರೆವಲ್ಲ. ಅದಕ್ಕೆ ಸಮಿತಿಯ ಹನ್ನೊಂದು ಜನ ಕೂತು ಕೈ ಎತ್ತಿದ್ದಾರೆ.

ಸಂಚಿಕೆಯ ಅರವತ್ತನಾಲ್ಕು ಪುಟಗಳಲ್ಲಿ ಅರವತ್ತಮೂರು ಸಿದ್ಧವಾಗಿವೆ. ಕೊನೆಯ ಪುಟ ಖಾಲಿ. ಸ್ಕೇಲಕ್ಕ ಆ ಎರಡು ವಾಕ್ಯ ಜೋಡಿಸಿಲ್ಲ. "ಮೊದಲ್ನೇ ವಾಕ್ಯ ಹೊಡೀತೀನಿ ಅಂದೆ. ಎರಡನೇದು ಮೊದಲ್ನೇದರಿಂದ ಬರಲ್ಲ. ಹೊರಗೆ ಮಾಡಿಸ್ತೀವಿ ಅಂತಾರೆ. ಮಾಡಿಸ್ಲಿ. ನನ್ನ ಕೈಯಿಂದ ಬೇಡ."

ಈಗ ಬೆಳಗಿನ ಹೊತ್ತು ಎರಡನೆಯ ಸುತ್ತಿನ ಎಣಿಕೆ ನಡೆಯುತ್ತಿದೆ. ಇಪ್ಪತ್ತಮೂರು ಎನ್ನುವುದು ಖಚಿತವೇ ಎಂದು ಸಮಿತಿಯಲ್ಲಿ ಯಾರೋ ಕೇಳಿದ್ದರು. ಬಿಚ್ಚಕೂಡದು ಎಂದವರೂ ಅವರೇ. ತಿಂಗಳ ಕೊನೆಗೆ ಪತ್ರಿಕೆಗಳು ರದ್ದಿಗೆ ಹೋಗುತ್ತವೆ, ಅಷ್ಟರೊಳಗೆ ಮತ್ತೊಮ್ಮೆ ಎಣಿಸಬೇಕು. ಶಿಬಿರಕ್ಕೆ ಇನ್ನು ಹನ್ನೊಂದು ದಿನ. ಹುಡುಗಿಯ ಲಕೋಟೆ ಮೇಜಿನ ಎಡಗಡೆ ಇದೆ. ಉತ್ತರ ಹೋಗಿಲ್ಲ.

ಎಂಟೂವರೆ. ಕೆಳಗೆ ಬಾಗಿಲು ತೆಗೆಯುವ ಸದ್ದು. ಸ್ಕೇಲಕ್ಕ ಕಟ್ಟಿಗೆ ದಾರ ಬಿಗಿಯುತ್ತಾರೆ. ನಿಮಗೆ ಏನಾಗಬೇಕು ಎಂದು ಕೇಳುತ್ತೇನೆ. ನೋಟಿಸ್ ವಾಪಸ್? ಪ್ರಾಧ್ಯಾಪಕರ ಕ್ಷಮೆ?

"ಅಯ್ಯೋ, ಅವ್ರ ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ?" ಎನ್ನುತ್ತಾ ಡ್ರಾಯರಿನಿಂದ ಒಂದು ಹಾಳೆ ತೆಗೆಯುತ್ತಾರೆ. ಶಿಬಿರದ ಕೋಣೆಗಳ ಪಟ್ಟಿ. ಅವರೇ ಜೋಡಿಸಿದ್ದು. "ಯಾರ ಹೆಸ್ರೂ ತೆಗೀಬೇಕಾಗಿಲ್ಲ. ಇಲ್ನೋಡಿ. ಹುಡುಗೀರಿಗೆ ನಾಲ್ಕು ಕೋಣೆ, ಕೋಣೆಗೆ ಮೂರು ಮಂಚ. ಬರ್ತಿರೋರು ಹನ್ನೊಂದು ಜನ."

ಬೆರಳು ಕೊನೆಯ ಸಾಲಿನ ಮೇಲಿದೆ.

"ನಾಲ್ಕನೇ ಕೋಣೆ, ಕಿಟಕಿ ಪಕ್ಕದ್ದು. ಒಂದು ಮಂಚ ಖಾಲೀನೇ ಇದೆ."