ಹೆಬ್ಬಲಸಿನ ತೊಲೆಗಳು

ಬೋಟು ಒಳಗೊಳಗೇ ಕೊಳೆತಿದೆ ಎಂದು ನಮಗೆ ಗೊತ್ತಾದದ್ದು ಅದನ್ನು ಕಾಫಿ ಸ್ಟೋರಿನಿಂದ ಹೊರಗೆಳೆಯಲು ಹೋದ ದಿನ. ಆಗಸ್ಟ್ ತಿಂಗಳು. ಬಾಪ್ಪು ಜೀಪನ್ನು ಹಿಂದಕ್ಕೆ ತಂದು ಬೋಟು ಕೂತಿದ್ದ ಎರಡು ಚಕ್ರದ ಗಾಡಿಗೆ ಕೊಂಡಿ ಸಿಕ್ಕಿಸಿದರು. ಬಾಪ್ಪು ಎಂದರೆ ಪಪ್ಪನ ತಮ್ಮ. ನಮ್ಮ ಕೊಂಕಣಿ ಕ್ರೈಸ್ತ ಮನೆಗಳಲ್ಲಿ ಚಿಕ್ಕಪ್ಪನನ್ನು ಹಾಗೆ ಕರೆಯುತ್ತೇವೆ. ಪಪ್ಪ ತೀರಿಕೊಂಡ ಮೇಲೆ ಹಾನುಬಾಳಿನ ಹತ್ತಿರದ ನಮ್ಮ ತೋಟವನ್ನು ನೋಡಿಕೊಳ್ಳುವವರು ಅವರೇ. ಜೀಪು ಎರಡು ಅಡಿ ಮುಂದೆ ಹೋಯಿತು. ಬೋಟಿನ ಹೊಟ್ಟೆಯೊಳಗಿಂದ ಒಣ ಬಿದಿರು ಸೀಳಿದಂಥ ಶಬ್ದ ಬಂತು. ಫೈಬರಿನ ತಳ ಗಾಡಿಯ ಕಬ್ಬಿಣದ ಪಟ್ಟಿಯ ಮೇಲೆ ಕುಸಿದು, ಹಳೆಯ ಬೆತ್ತದ ಕುರ್ಚಿಯ ಹಾಗೆ ಇಳಿಬಿತ್ತು.

ಬಾಪ್ಪು ಜೀಪಿನಿಂದ ಇಳಿದು ಬಗ್ಗಿ ನೋಡಿದರು.

“ಬೆನ್ನು ಮುರಿದಿದೆ ಅತ್ತಿಗೆ. ಇನ್ನು ಇದನ್ನ ಹೊರಗೆ ತರೋಕೆ ಒಂದೇ ದಾರಿ, ಕತ್ತರಿಸಿ ತರೋದು. ಕೊಯ್ಲು ಶುರುವಾಗೋದರೊಳಗೆ ನಂಗೆ ಈ ಜಾಗ ಬೇಕು.”

ಮಮ್ಮಿ ಬಾಗಿಲಲ್ಲಿ ನಿಂತಿದ್ದವರು ಏನೂ ಹೇಳದೆ ಮನೆಗೆ ಹೋದರು. ಅವರು ಜಗಳವಾಡಿದ್ದರೆ ನಾನು ಬಹುಶಃ ಸುಮ್ಮನಿರುತ್ತಿದ್ದೆ.

ಅದು ಸ್ಕೀ ಬೋಟು. ಕಾಲಿಗೆ ಹಲಗೆ ಕಟ್ಟಿಕೊಂಡು ಹಗ್ಗ ಹಿಡಿದು ನಿಂತವರನ್ನು ನೀರಿನ ಮೇಲೆ ವೇಗವಾಗಿ ಎಳೆದುಕೊಂಡು ಹೋಗುವ ಮೋಟಾರು ಬೋಟು. ನಾನು ಹುಟ್ಟುವ ಮೊದಲು ಪಪ್ಪ ಅದನ್ನು ಮಂಗಳೂರಿನಿಂದ ತಂದಿದ್ದರು. ಹೇಮಾವತಿಯ ಹಿನ್ನೀರಿನಲ್ಲಿ ಪಪ್ಪ ಬೋಟು ಓಡಿಸುತ್ತಿದ್ದರು, ಹಗ್ಗ ಹಿಡಿದು ನಿಲ್ಲುತ್ತಿದ್ದವರು ಮಮ್ಮಿ. ಇದು ಆ ಕಾಲಕ್ಕೆ ಇಲ್ಲಿಯವರಿಗೆ ನೋಡುವ ಸಂಗತಿಯಾಗಿತ್ತು. ಮನೆಯ ಹೆಂಗಸು ನೀರಿನ ಮೇಲೆ ಹಾರಾಡುವುದು ಚೆನ್ನಾಗಿರುವುದಿಲ್ಲ ಎಂದು ಮೊದಲು ಹೇಳಿದವರು ಬಾಪ್ಪುವೇ. ಆಮೇಲೆ ಪೂಜೆ ಮುಗಿಸಿ ಇಗರ್ಜಿಯಿಂದ ಹೊರಗೆ ಬರುವಾಗ ಬೇರೆಯವರೂ ಹೇಳಿದರು. ನಾನು ಹುಟ್ಟಿದೆ, ಬೋಟಿನ ಮೇಲೆ ಟಾರ್ಪಾಲು ಬಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅದು ಸ್ಟೋರಿನ ಮೂಲೆಯಲ್ಲಿ ಹಾಗೇ ಇತ್ತು. ಹಂಚಿನಿಂದ ತೊಟ್ಟಿಕ್ಕಿದ ಮಳೆನೀರು ಟಾರ್ಪಾಲಿನ ತೂತಿನಿಂದ ಒಳಗಿಳಿದು ನೆಲದ ಹಲಗೆಯ ಕೆಳಗೆ ನಿಂತಿತು. ಬಳಸಿದ್ದರಿಂದ ಕೆಟ್ಟ ಬೋಟಲ್ಲ ಅದು. ಮುಚ್ಚಿಟ್ಟದ್ದರಿಂದ ಕೆಟ್ಟದ್ದು.

ಆ ಸಂಜೆ ಬಾಪ್ಪುವಿಗೆ ಹೇಳಿದೆ. “ಕತ್ತರಿಸಬೇಡಿ. ಕೊಯ್ಲಿಗೆ ಮೊದಲು ಹೊರಗೆ ತೆಗೀತೀನಿ. ಇಡೀ ಬೋಟು.”

“ಯಾರು?”

“ನಾನು.”

“ಎಮ್ಮೆಸ್ಸಿ ಕೆಮಿಸ್ಟ್ರಿಯಲ್ಲಿ ಬೋಟ್ ರಿಪೇರಿನೂ ಹೇಳ್ಕೊಡ್ತಾರೇನಮ್ಮಾ?”

ನಾನು ಸಕಲೇಶಪುರದ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಮೂರೂವರೆಗೆ ತರಗತಿ ಮುಗಿಯುತ್ತದೆ. ಅಂದಿನಿಂದ ಸಂಜೆಗಳು, ಶನಿವಾರ, ಭಾನುವಾರ ಎಲ್ಲ ಸ್ಟೋರಿನಲ್ಲಿ ಕಳೆದವು.

ಮೊದಲು ನೆಲದ ಹಲಗೆ ಕಿತ್ತೆ. ಕೆಳಗೆ ಬೋಟಿನ ಉದ್ದಕ್ಕೂ ಎರಡು ಮರದ ತೊಲೆಗಳಿದ್ದವು. ತಳವನ್ನು ಗಟ್ಟಿಯಾಗಿ ಹಿಡಿದು, ಎಂಜಿನ್ನಿನ ಭಾರವನ್ನೂ ಹೊರಬೇಕಾದವು. ಅವುಗಳ ಮೇಲೆ ಹೊದಿಸಿದ್ದ ಫೈಬರಿನ ಚಿಪ್ಪು ನೋಡಲು ಚೆನ್ನಾಗಿಯೇ ಇತ್ತು. ಗ್ರೈಂಡರಿನಿಂದ ಸೀಳಿದರೆ ಒಳಗೆ ಮರವೇ ಇರಲಿಲ್ಲ. ಕಾಫಿ ಗಿಡದ ಬುಡದ ಗೊಬ್ಬರದಂಥ ಕಪ್ಪು ಹುಡಿ ಇತ್ತು. ಅಡುಗೆಮನೆಯ ಸೌಟಿನಿಂದ ತೋಡಿ ತೆಗೆದೆ, ಮೂರು ಬಕೆಟ್ ಬಂತು.

ಹಳೆಯ ತೊಲೆ ಪೂರ್ತಿ ತೆಗೆದರೆ ಬೋಟಿನ ತಳ ತಿರುಚಿಕೊಳ್ಳುತ್ತದೆ. ತಿರುಚಿಕೊಂಡ ತಳಕ್ಕೆ ಹೊಸ ತೊಲೆ ಅಂಟಿಸಿದರೆ ಬೋಟು ಎಂದೆಂದಿಗೂ ಸೊಟ್ಟಗೇ ಓಡುತ್ತದೆ. ಅದಕ್ಕೆ ಆಸರೆ ಬೇಕಿತ್ತು. ಆ ಉಪಾಯ ಹೇಳಿದವರು ಹಾನುಬಾಳಿನ ಆಚಾರ್ರು. ನಮ್ಮ ಮನೆಯ ಬಾಗಿಲು ಕಿಟಕಿಗಳೆಲ್ಲ ಅವರ ಕೈಯವು. ಗೋಣಿಚೀಲಗಳಿಗೆ ಕಾಫಿ ಹೊಟ್ಟು ಅರ್ಧ ತುಂಬಿ, ಕುಸಿದ ತಳ ಮೇಲೇಳುವ ತನಕ ಅದರ ಕೆಳಗೆ ಒತ್ತೊತ್ತಾಗಿ ತುರುಕಿದೆವು. ಹೊಟ್ಟು ಬೋಟಿನ ಹೊಟ್ಟೆಯ ಆಕಾರವನ್ನೇ ಪಡೆದು ಅದನ್ನು ಹೊತ್ತು ನಿಂತಿತು. ನಾನು ಆ ಕಡೆಯಿಂದ ಈ ಕಡೆಗೆ ದಾರ ಕಟ್ಟಿ ಅಳತೆ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಮೂಟೆ ಮೇಲೆ ಮಲಗ್ಸಿದ ಬಾಣಂತಿ ಇದ್ದಂಗೈತೆ ಕಣಮ್ಮಣ್ಣಿ,” ಎಂದರು ಆಚಾರ್ರು.

ಮರವೂ ಅವರದೇ. ಯಾವುದೋ ಹಳೆಯ ಬಂಗಲೆ ಕೆಡವಿದಾಗ ತಂದಿಟ್ಟ ಹೆಬ್ಬಲಸಿನ ನಾಲ್ಕು ಉದ್ದನೆಯ ಹಲಗೆಗಳು. ಹಗುರ, ನೇರ, ಒಂದೂ ಗಂಟಿಲ್ಲ. ಆದರೆ ನಮ್ಮ ಮಳೆಗಾಲದಲ್ಲಿ ಉಪ್ಪಿನ ಭರಣಿಯೂ ಬೆವರುತ್ತದೆ. ಹಲಗೆಗಳನ್ನು ಬಲ್ಬಿನ ಕಾವಿನಲ್ಲಿ ಒಣಗಲು ಇಟ್ಟು ದಿನಾ ಕಾಫಿಯ ತಕ್ಕಡಿಯಲ್ಲಿ ತೂಗಿ ಬರೆದಿಟ್ಟೆ. ತೂಕ ಇಳಿಯುವುದು ನಿಲ್ಲುವ ತನಕ ಮುಟ್ಟಬಾರದು ಎಂದು ನನಗೆ ನಾನೇ ನಿಯಮ ಹಾಕಿಕೊಂಡಿದ್ದೆ. ಬಾಪ್ಪು ದಿನಕ್ಕೊಮ್ಮೆ ಬಾಗಿಲಲ್ಲಿ ನಿಂತು, “ಇವತ್ತು ಮಗು ಎಷ್ಟು ತೂಕ?” ಎಂದು ಕೇಳಿ ಹೋಗುತ್ತಿದ್ದರು.

ಸೆಪ್ಟೆಂಬರ್ ಕೊನೆಗೆ ತೂಕ ನಿಂತಿತು. ಆಚಾರ್ರು ಎರಡು ಹಲಗೆಗಳನ್ನು ತಳದ ಬಾಗಿಗೆ ಸರಿಯಾಗಿ ಕೆತ್ತಿ ಕೂರಿಸಿ ನೋಡಿದರು. ಮರುದಿನ ನಾನು ಫೈಬರ್ ಬಟ್ಟೆ, ಅದನ್ನು ಅಂಟಿಸುವ ರೆಸಿನ್ ತರಲು ಹಾಸನಕ್ಕೆ ಹೋದೆ. ಸಂಜೆ ಬಂದರೆ ಸ್ಟೋರಿನ ತುಂಬ ಖಾರವಾದ ವಾಸನೆ. ಎರಡೂ ತೊಲೆಗಳು ಕರ್ರಗೆ ಮಿರಮಿರ ಹೊಳೆಯುತ್ತಿದ್ದವು.

“ಗೇರೆಣ್ಣೆ,” ಎಂದರು ಬಾಪ್ಪು. ಮುಖದಲ್ಲಿ ಹೆಮ್ಮೆಯಿತ್ತು. “ಊರಿಂದ ತರಿಸಿದ್ದು. ಕರಾವಳಿಯಲ್ಲಿ ನಮ್ಮಜ್ಜನ ಕಾಲದಿಂದ ದೋಣಿಗೆ ಇದನ್ನೇ ಬಳಿಯೋದು. ನೀನೊಬ್ಬಳೇ ಕಷ್ಟಪಡ್ತಿದ್ದೀಯ ಅಂತ.”

“ನೂರು ವರ್ಷ ಗೆದ್ಲು ಮುಟ್ಟಾಕಿಲ್ಲ ಬುಡಿ,” ಎಂದರು ಆಚಾರ್ರು. “ಎಲ್ಡು ಸಲ ಕುಡ್ಸಿವ್ನಿ.”

ಗೇರುಬೀಜದ ಸಿಪ್ಪೆಯಿಂದ ತೆಗೆಯುವ ಆ ಎಣ್ಣೆಯನ್ನು ನಮ್ಮ ಕಡೆ ಹಂಚಿನ ಮಾಡು ಹೊರುವ ಪಕ್ಕಾಸಿಗೂ ಬಳಿಯುತ್ತಾರೆ. ಬರೀ ಮರಕ್ಕೆ ಅದು ಒಳ್ಳೆಯದೇ. ಆದರೆ ಎಣ್ಣೆ ಕುಡಿದ ಮರಕ್ಕೆ ಫೈಬರ್ ಅಂಟುವುದಿಲ್ಲ. ರೆಸಿನ್ ಡಬ್ಬಿಯ ಮೇಲೆ ಬರೆದಿತ್ತು. ಬರೆಯದಿದ್ದರೂ ನನಗೆ ತಿಳಿದಿರಬೇಕಿತ್ತು. ತಿಳಿದಿತ್ತು ಕೂಡ. ಆದರೂ ನಾನು ಬಾಯಿ ಬಿಡಲಿಲ್ಲ. ಮೊದಲ ಸಲ ಬಾಪ್ಪು ಬೋಟಿನ ಬಗ್ಗೆ ವ್ಯಂಗ್ಯವಿಲ್ಲದೆ ಮಾತಾಡಿದ್ದರು, ಆಚಾರ್ರ ಕೈಗಳಲ್ಲಿ ಆ ಎಣ್ಣೆಯಿಂದ ಬೊಬ್ಬೆಗಳೆದ್ದಿದ್ದವು. ಇಬ್ಬರ ಮುಂದೆ ನಿಂತು ಇದು ತಪ್ಪು ಎನ್ನುವುದು ನನ್ನಿಂದ ಆಗಲಿಲ್ಲ. ಒಣಗಿದ ಮೇಲೆ ಸರಿಹೋಗಬಹುದು ಎಂದು ನನಗೆ ನಾನೇ ಸುಳ್ಳು ಹೇಳಿಕೊಂಡೆ. ಒಂದು ವಾರ ಬಿಟ್ಟು, ಚಿಂದಿಯಿಂದ ಒರೆಸಿ, ತೊಲೆಗಳನ್ನು ಕೂರಿಸಿ ಫೈಬರ್ ಹೊದಿಸಿದೆ.

ನಾಲ್ಕನೆಯ ದಿನ ನಾಣ್ಯದಿಂದ ತಟ್ಟಿ ನೋಡಿದೆ. ಟಕ್ ಟಕ್ ಎನ್ನಬೇಕಾದದ್ದು ಡಬ್ ಡಬ್ ಎಂದಿತು. ಅಂಚಿಗೆ ಉಳಿ ತೂರಿಸಿ ಎತ್ತಿದೆ. ಫೈಬರ್ ಬಾಳೆಹಣ್ಣಿನ ಸಿಪ್ಪೆಯಂತೆ ಕೈಗೆ ಬಂತು.

ಬಾಪ್ಪು ನೋಡಿದರು. ಬೈಯಲಿಲ್ಲ. ಅದು ಇನ್ನೂ ಕಷ್ಟವಾಗಿತ್ತು.

“ಬೇಜಾರು ಮಾಡ್ಕೋಬೇಡಮ್ಮಾ. ಪ್ರಯತ್ನ ಮಾಡಿದೀಯ. ಮುಂದಿನ ವಾರ ಕಟ್ಟರ್‌ನವನನ್ನ ಕರೆಸ್ತೀನಿ.”

“ಕರೆಸಬೇಡಿ. ಇದು ಕೆಟ್ಟದ್ದು ಗೇರೆಣ್ಣೆಯಿಂದ. ನಿಮ್ಮೆದುರಿಗೆ ಹೇಳೋಕೆ ನಂಗೆ ಧೈರ್ಯ ಇರಲಿಲ್ಲ, ಅದು ನನ್ನ ತಪ್ಪು. ಇನ್ನೆರಡು ಹಲಗೆ ಇದೆ. ಅವನ್ನ ಹಾಕ್ತೀನಿ, ಎಣ್ಣೆ ಇಲ್ಲದೆ. ನಾನಿಲ್ಲದಾಗ ಇನ್ನು ಯಾರೂ ಬೋಟನ್ನ ಮುಟ್ಟಬಾರದು.”

ಅವರ ಮುಖ ಕೆಂಪಾಯಿತು. “ನನ್ನ ಸ್ಟೋರಲ್ಲಿ ನಿಂತ್ಕೊಂಡು ನಂಗೇ ಹೇಳ್ತೀಯಾ?”

“ಪಪ್ಪನ ಸ್ಟೋರೂ ಹೌದು ಬಾಪ್ಪು.”

ಅಷ್ಟು ಜೋರಾಗಿ ನಾನು ಆ ಮನೆಯಲ್ಲಿ ಹಿಂದೆಂದೂ ಮಾತಾಡಿರಲಿಲ್ಲ. ನನ್ನ ದನಿ ನನಗೇ ಬೇರೆ ಯಾರದೋ ಎನ್ನಿಸಿತು. ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಆಚಾರ್ರಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು.

“ಎಣ್ಣೆ ಇಲ್ದೆ ಮರ ಕೂರ್ಸದಾ? ನಲವತ್ತು ವರ್ಷದಿಂದ ಉಳಿ ಹಿಡಿದೀನಿ. ನಾಳೆ ಗೆದ್ಲು ತಿಂದ್ರೆ ಯಾರ ಹೆಸ್ರು ಹೇಳ್ತಾರೆ? ನಂದೇ ತಾನೇ?”

“ನನ್ನ ಹೆಸರು ಹೇಳಿ ಆಚಾರ್ರೆ.”

“ನಿಮ್ಮ ಹೆಸ್ರು ಕಟ್ಕೊಂಡು ಗೆದ್ಲಿಗೇನಾಗ್ಬೇಕು ಅಮ್ಮಣ್ಣಿ!” ಎಂದು ಹೇಳಿ ಹೊರಟುಬಿಟ್ಟರು. ಉಪಕರಣಗಳ ಪೆಟ್ಟಿಗೆ ಮಾತ್ರ ಅಲ್ಲೇ ಉಳಿಯಿತು.

ಅಂಟದ ಫೈಬರನ್ನೂ ಕಪ್ಪು ತೊಲೆಗಳನ್ನೂ ನಾನೊಬ್ಬಳೇ ಕತ್ತರಿಸಿ ತೆಗೆದೆ. ಎರಡು ಶನಿವಾರ ಅದಕ್ಕೇ ಹೋಯಿತು. ಮೂಗಿಗೆ ಕಟ್ಟಿದ ಬಟ್ಟೆಯನ್ನೂ ದಾಟಿ ಫೈಬರಿನ ಧೂಳು ಒಳಹೊಕ್ಕಿತು, ಮೈಯೆಲ್ಲ ತುರಿಸಿತು. ಎಣ್ಣೆ ತಾಗಿದ ಮೊಣಕೈ ಸುಟ್ಟು ಚರ್ಮ ಸುಲಿಯಿತು. ತರಗತಿಯಲ್ಲಿ ಉದ್ದ ತೋಳಿನ ಕುರ್ತಾ ಹಾಕಿಕೊಂಡು ಹೋದೆ. ತೋಟದಲ್ಲಿ ಅರೇಬಿಕಾ ಆಗಲೇ ಕೆಂಪಗಾಗತೊಡಗಿತ್ತು. ಬಾಪ್ಪು ದಿನಾ ಬೆಳಿಗ್ಗೆ ಒಂದು ಹಿಡಿ ಹಣ್ಣು ತಂದು ಬೋಟಿನ ಅಂಚಿನ ಮೇಲೆ ಇಟ್ಟು ಹೋಗುತ್ತಿದ್ದರು. ಕೊಯ್ಲು ಹತ್ತಿರ ಬಂತು ಎನ್ನಲು ಬೇರೆ ಮಾತು ಬೇಕಿರಲಿಲ್ಲ.

ಮೂರನೆಯ ಶನಿವಾರ ಹೊಸ ಹಲಗೆಯನ್ನು ನಯ ಮಾಡಲು ನಾನೇ ಹತ್ತರಿ ಹೊಡೆಯುತ್ತಿದ್ದೆ. ಆಚಾರ್ರು ಪೆಟ್ಟಿಗೆ ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತರು. ಅವರ ನೋಟ ಬೆನ್ನಿಗೆ ತಾಗುತ್ತಿತ್ತು. ನಾನು ನಿಲ್ಲಿಸಲಿಲ್ಲ. ಹತ್ತರಿ ಒಮ್ಮೆ ಕುಪ್ಪಳಿಸಿ ಮರ ಚಕ್ಕೆಯೆದ್ದಿತು.

“ಅಯ್ಯೋ ಶಿವನೇ, ಬೀಡಿ ಎಲೆ ಕತ್ರಿಸ್ದಂಗೆ ಹೊಡೀತೀರಲ್ಲ! ನೋಡಕ್ಕಾಯ್ತಿಲ್ಲ ನನ್ ಕೈಲಿ. ಕೊಡಿ ಇತ್ಲಾಗೆ.”

“ಮೊದಲು ಇದನ್ನ ನೋಡಿ ಆಚಾರ್ರೆ.”

ಹಲಗೆಯ ತುದಿಯಿಂದ ಉಳಿದ ಎರಡು ತುಂಡುಗಳಿಗೆ ನಾನು ಫೈಬರ್ ಅಂಟಿಸಿಟ್ಟಿದ್ದೆ. ಒಂದಕ್ಕೆ ಗೇರೆಣ್ಣೆ ಬಳಿದಿತ್ತು, ಇನ್ನೊಂದು ಬರೀ ಮರ. ಅವರ ಕೈಗೆ ಉಳಿ ಕೊಟ್ಟೆ. ಎಣ್ಣೆಯ ತುಂಡಿನ ಫೈಬರ್ ಒಂದೇ ಎಳೆತಕ್ಕೆ ಬಂತು. ಇನ್ನೊಂದಕ್ಕೆ ಉಳಿ ಹಾಕಿ, ಕೊಡತಿಯಿಂದ ಬಡಿದು, ಮಂಡಿಯ ಕೆಳಗೆ ಒತ್ತಿ ಹಿಡಿದು ಎಬ್ಬಿಸಿದರು. ಕೊನೆಗೆ ಸೀಳಿದ್ದು ಮರ. ಫೈಬರಿನ ಬೆನ್ನಿಗೆ ಹೆಬ್ಬಲಸಿನ ಹಳದಿ ನಾರು ಹಾಗೇ ಕಚ್ಚಿಕೊಂಡಿತ್ತು.

ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು, ಮೂಸಿಯೂ ನೋಡಿದರು.

“ಮರಕ್ಕಿಂತ ಗಟ್ಟಿ ಹಿಡ್ಕಂಡೈತೆ,” ಎಂದರು. ತುಂಡನ್ನು ಕೆಳಗಿಟ್ಟು, “ಅವತ್ತೇ ಹೇಳಕ್ಕೇನಾಗಿತ್ತು ನಿಮ್ಗೆ? ಕೈ ಸುಟ್ಕಂಡು ಎಲ್ಡು ಸಲ ಬಳದ್ನಲ್ಲ ನಾನು.”

“ತಪ್ಪಾಯ್ತು.”

“ಓದಿರೋರು ಬಾಯಿ ಮುಚ್ಕಂಡ್ರೆ ನಮ್ಗೆಂಗೆ ಗೊತ್ತಾಯ್ತದೆ,” ಎಂದು ಹತ್ತರಿ ಕಿತ್ತುಕೊಂಡರು.

ತೊಲೆಗಳು ಎರಡೇ ದಿನದಲ್ಲಿ ಕೂತವು. ಬಿಸಿಲಿದ್ದ ಮಧ್ಯಾಹ್ನಗಳನ್ನೇ ಆರಿಸಿಕೊಂಡು, ಒಂದರ ಮೇಲೊಂದು ನಾಲ್ಕು ಪದರ ಫೈಬರ್ ಹೊದಿಸಿದೆ. ಮಮ್ಮಿ ಹಳೆಯ ಸೀರೆಯನ್ನು ಮಂಡಿಯ ತನಕ ಎತ್ತಿ ಕಟ್ಟಿಕೊಂಡು ಬೋಟಿನೊಳಗೆ ಕೂತು, ರೆಸಿನ್ನಿನ ಗುಳ್ಳೆಗಳನ್ನು ರೋಲರಿನಿಂದ ಒತ್ತಿ ತೆಗೆದರು. ಹಳೆಯ ದಿನಗಳ ಮಾತು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ನಾವಿಬ್ಬರೂ ಹಾಗೆಯೇ. ಒಂದು ಸಲ ಮಾತ್ರ, “ಇಲ್ಲಿ ಇನ್ನೊಂದು ಪದರ ಹಾಕು, ತಿರುಗಿಸುವಾಗ ಭಾರ ಬೀಳೋದು ಈ ಕಡೆಗೇ,” ಎಂದರು. ಹಾಕಿದೆ. ಒಂದು ವಾರದ ಮೇಲೆ ನಾಣ್ಯ ಹಿಡಿದು ಇಂಚು ಇಂಚೂ ತಟ್ಟಿದೆ. ಎಲ್ಲೂ ಡಬ್ ಎನ್ನಲಿಲ್ಲ.

ಕೊಯ್ಲು ಶುರುವಾಗುವ ಹಿಂದಿನ ದಿನ, ಭಾನುವಾರ, ಜೀಪನ್ನು ನಾನೇ ಹಿಂದಕ್ಕೆ ತಂದೆ. ಬೋಟು ಹೋಗಬೇಕಿದ್ದದ್ದು ಆಲೂರಿನ ಕಡೆಗೆ, ಹಿನ್ನೀರಿಗೆ ಹತ್ತಿರವಿರುವ ಮಮ್ಮಿಯ ತವರಿನ ಶೆಡ್ಡಿಗೆ. ಎಂಜಿನ್ ಇನ್ನೂ ರಿಪೇರಿಯಾಗಿಲ್ಲ. ನೀರಿಗಿಳಿಸಲು ಅನುಮತಿಗೆ ಅರ್ಜಿ ಕೊಟ್ಟಿದ್ದೇನೆ, ಉತ್ತರ ಬಂದಿಲ್ಲ. ಅವೆಲ್ಲ ಆಮೇಲಿನ ಮಾತು. ಅಂದು ಬೋಟು ಇಡಿಯಾಗಿ ಸ್ಟೋರಿನ ಬಾಗಿಲು ದಾಟಬೇಕಿತ್ತು.

ನಿಧಾನವಾಗಿ ಎಳೆದೆ. ದಾಟಿತು. ಕಣದ ಅಂಚಿನಲ್ಲಿ ನಿಲ್ಲಿಸಿದಾಗ ಮಮ್ಮಿ ಬಂದು, ಸೆರಗು ಸಿಕ್ಕಿಸಿಕೊಂಡು, ಗಾಡಿಯ ಚಕ್ರದ ಮೇಲೆ ಕಾಲಿಟ್ಟು ಬೋಟು ಹತ್ತಿದರು. ಓಡಿಸುವವರ ಸೀಟಿನಲ್ಲಿ ಕೂತರು.

“ಅತ್ತಿಗೆ, ಏನಿದು? ತೊಲೆ ತಡೆಯುತ್ತೋ ಇಲ್ವೋ!” ಎಂದರು ಬಾಪ್ಪು.

“ತಡೆಯುತ್ತೆ,” ಎಂದೆ ನಾನು.

ತೋಟದ ರಸ್ತೆಯಲ್ಲಿ ಎರಡು ಮೋರಿಗಳಿವೆ, ಎರಡೂ ಕಿತ್ತುಹೋಗಿವೆ. ಬಾಪ್ಪು ಪಕ್ಕದಲ್ಲೇ ನಡೆಯುತ್ತ ತಳವನ್ನೇ ನೋಡುತ್ತಿದ್ದರು. ಮೊದಲನೆಯದರಲ್ಲಿ ಗಾಡಿ ಎತ್ತಿಹಾಕಿತು. ಎರಡನೆಯದರಲ್ಲಿ ಒಂದು ಚಕ್ರ ಪೂರ್ತಿ ಹಳ್ಳಕ್ಕಿಳಿದು, ಬೋಟು ವಾಲಿ, ಮತ್ತೆ ಎದ್ದಿತು. ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಬಾಪ್ಪು ಬಗ್ಗಿ ತಳವನ್ನು ಅಂಗೈಯಿಂದ ಸವರಿದರು. ಆಮೇಲೆ ಗೇಟು ತೆರೆಯಲು ಮುಂದೆ ಹೋದರು.

ಗೇಟಿನ ಆಚೆ ಟಾರು ರಸ್ತೆ.

“ಇನ್ನಾದರೂ ಇಳೀರಿ ಅತ್ತಿಗೆ. ಇವತ್ತು ಭಾನುವಾರ. ಹಾನುಬಾಳಿನ ತುಂಬ ಜನ ಇರ್ತಾರೆ. ನೋಡ್ತಾರೆ.”

“ನೋಡಲಿ,” ಎಂದರು ಮಮ್ಮಿ.

ಬಾಪ್ಪು ನನ್ನ ಕಡೆ ತಿರುಗಿದರು. ನಾನು ಗೇರ್ ಹಾಕಿದೆ.

ಹಾನುಬಾಳಿನಲ್ಲಿ ಬಸ್ಸು ಕಾಯುತ್ತಿದ್ದವರೆಲ್ಲ ಎದ್ದು ನಿಂತರು. ನಡಿಗೆಯಷ್ಟೇ ವೇಗದಲ್ಲಿ ಹೋಗುತ್ತಿದ್ದೆವು. ಅಂಗಡಿಯ ಮುಂದಿನ ಕಟ್ಟೆಯಿಂದ ಯಾರೋ ಕೂಗಿದರು, “ಅಮ್ಮಾವ್ರೇ, ಹೊಳೆ ಎಲ್ಲೈತೆ?”

ಕನ್ನಡಿಯಲ್ಲಿ ನೋಡಿದೆ. ಮಮ್ಮಿ ಸ್ಟೇರಿಂಗಿನ ಮೇಲಿನ ಒಂದು ಕೈಯನ್ನೂ ತೆಗೆಯದೆ, ಕತ್ತು ಮಾತ್ರ ತಿರುಗಿಸಿ ಹೇಳಿದರು.

“ಆಲೂರಿನ ಕಡೆ ಐತೆ. ಬರ್ತೀಯೇನು?”