ಯೂರಿಯಾ ಹಾಕದ ಮಡಿಯ ಹಸಿರು

1994ರಲ್ಲಿ ನಾನು ಪಾಂಡವಪುರ ತಾಲ್ಲೂಕಿನಲ್ಲಿ ಕೃಷಿ ಸಹಾಯಕನಾಗಿದ್ದೆ. ಆ ನವೆಂಬರಿನಲ್ಲಿ ಕ್ಯಾತನಹಳ್ಳಿಯ ತಾಯಮ್ಮನವರ ಜಮೀನಿನಲ್ಲಿ ಓಟ್ಸ್ ಬಿತ್ತಿಸಿದೆವು. ಕಬ್ಬು ಬೆಳೆಯುವ ಊರಿನಲ್ಲಿ ಆ ಬೆಳೆಯನ್ನು ಯಾರೂ ಕಂಡಿರಲಿಲ್ಲ. ಹಾಲು ಕರೆಯುವ ಹಸುಗಳಿಗೆ ಚಳಿಗಾಲದ ಹಸಿರು ಮೇವಾಗಿ ಅದು ಒಗ್ಗೀತೇ ಎಂದು ನೋಡಬೇಕಿತ್ತು.

ಎರಡು ತಳಿ, ಒಂದು ಬೇಗ ಬೆಳೆಯುವುದು, ಇನ್ನೊಂದು ನಿಧಾನದ್ದು. ಪ್ರತಿ ತಳಿಗೆ ಎರಡು ಮಡಿ: ಒಂದಕ್ಕೆ ಯೂರಿಯಾ, ಮತ್ತೊಂದಕ್ಕೆ ಏನೂ ಇಲ್ಲ. ಯೂರಿಯಾದಲ್ಲಿರುವುದು ಸಾರಜನಕ, ಎಲೆಗೆ ಹಸಿರು, ಬೆಳೆಗೆ ತೂಕ ಕೊಡುವುದು ಅದೇ. ಬರಿಯ ಮಡಿ ಪಕ್ಕದಲ್ಲಿದ್ದರೆ ಮಾತ್ರ ಗೊಬ್ಬರದಿಂದ ಎಷ್ಟು ಇಳುವರಿ ಬಂತು, ತಳಿಯಿಂದ ಎಷ್ಟು ಬಂತು ಎಂದು ಬಿಡಿಸಿ ಹೇಳಬಹುದು.

ಯೂರಿಯಾ ಎರಚುತ್ತಿದ್ದವರು ಜವರಯ್ಯ. ನಮ್ಮ ಕಚೇರಿಯ ದಿನಗೂಲಿ ನೌಕರ. ಅವರು ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಆ ವರ್ಷ ಅವರ ಹೆಸರು ಕಾಯಂ ಆಗುವವರ ಪಟ್ಟಿಯಲ್ಲಿತ್ತು.

ತಿಂಗಳು ಕಳೆದ ಮೇಲೆ ಬೇಗದ ತಳಿಯ ಬರಿಯ ಮಡಿ ನಿರೀಕ್ಷೆಯಂತೆ ಹಳದಿಗಟ್ಟಿತು. ನಿಧಾನದ ತಳಿಯದು ಮಾತ್ರ ಯೂರಿಯಾ ಕಂಡ ಮಡಿಯಷ್ಟೇ ಕಡುಹಸಿರು. ತಳಿಯೊಂದೇ ಅಷ್ಟು ಹಸಿರು ತರಲಾರದು. ಜವರಯ್ಯ ಮಡಿ ತಪ್ಪಿ ಎರಚಿದ್ದಾರೆ, ತಪ್ಪನ್ನು ಮುಚ್ಚಿಟ್ಟಿದ್ದಾರೆ ಎಂದುಕೊಂಡೆ. ಆಮೇಲೆ ಅವರು ಮಾಡಿದ್ದೆಲ್ಲ ಅನುಮಾನವಾಗಿಯೇ ಕಂಡಿತು. ಸೈಕಲ್ಲಿಗೆ ಕಟ್ಟಿದ ಚೀಲ, ಬದುವಿನ ಮೇಲಿನ ಹೆಜ್ಜೆ, ಎಲ್ಲವನ್ನೂ ದಿಟ್ಟಿಸುತ್ತಿದ್ದೆ.

“ಏನ್ಸಾ, ಅಂಗ್ ನೋಡ್ತೀರಿ? ನನ್ ಸೈಕಲ್ ಏನಾರ ಕೊಳ್ತೀರಾ?” ಎಂದು ನಕ್ಕರು.

ನಾನು ನಗಲಿಲ್ಲ. ಅಂದೇ ಕಚೇರಿಯ ಸಾಹೇಬರಿಗೆ ಬರೆದುಕೊಟ್ಟೆ: ಗೊಬ್ಬರ ಹಾಕುವುದರಲ್ಲಿ ಲೋಪ, ನಂಬಿಕೆಗೆ ಅರ್ಹರಲ್ಲ.

ಮೂರನೆಯ ದಿನ ಬೆಳಗ್ಗೆ ಯಾರಿಗೂ ಹೇಳದೆ ಜಮೀನಿಗೆ ಹೋದೆ, ಜವರಯ್ಯನವರನ್ನೇ ಹಿಡಿಯಲೆಂದು. ಕಂಡವರು ತಾಯಮ್ಮ. ಕೊಟ್ಟಿಗೆಯಿಂದ ತಂದ ಬಕೆಟ್ಟನ್ನು ನಿಧಾನದ ತಳಿಯ ಬರಿಯ ಮಡಿಗೆ ನೀರು ಹಾಯುವ ಬಾಯಿಗೆ ಸುರಿಯುತ್ತಿದ್ದರು.

“ಏನಮ್ಮ ಅದು?”

“ಗಂಜ್ಲ ಕಣಪ್ಪ. ಒಂದೇ ಪಂಕ್ತೀಲಿ ಕೂರ್ಸಿ, ಇಬ್ರಿಗೆ ಬಡಿಸಿ ಇಬ್ರನ್ನ ಉಪಾಸ ಕೆಡವ್ತಾರಾ ಯಾರಾದ್ರೂ? ನಿಮ್ಗದು ಲೆಕ್ಕ. ನಂಗೆ ಭೂಮ್ತಾಯಿ.”

“ಹಾಗಾದರೆ ಆ ಹಳದಿ ಮಡಿಗೆ ಯಾಕೆ ಹಾಕಲಿಲ್ಲ?”

“ಇರೋವು ಎರಡೇ ಹಸ. ಅವೇನ್ ನಲ್ಲೀನಾ, ತಿರುಗಿಸ್ದಂಗೆಲ್ಲಾ ಬರಾಕೆ?”

ಹಸುವಿನ ಗಂಜಲದಲ್ಲಿಯೂ ಸಾರಜನಕವಿದೆ. ಅದನ್ನು ಊರೂರಲ್ಲಿ ರೈತರಿಗೆ ಹೇಳುತ್ತಿದ್ದವನು ನಾನೇ.

ಕಚೇರಿಗೆ ಓಡಿದೆ. ಕಾಯಂ ಪಟ್ಟಿ ಹಿಂದಿನ ದಿನವೇ ಮಂಡ್ಯದ ಜಿಲ್ಲಾ ಕಚೇರಿಗೆ ಹೋಗಿತ್ತು. ಜವರಯ್ಯನವರ ಹೆಸರನ್ನು ಹೊಡೆದುಹಾಕಲಾಗಿತ್ತು. ತಪ್ಪೊಪ್ಪಿ ಮತ್ತೆ ಬರೆದೆ. ಅವರು ಕಾಯಂ ಆಗಲು ಇನ್ನೂ ಮೂರು ವರ್ಷ ಹಿಡಿಯಿತು.

ಆ ಸಂಜೆಯೇ ಅವರಿಗೆ ಎಲ್ಲವನ್ನೂ ಹೇಳಿದೆ. ಜವರಯ್ಯ ಇಷ್ಟೇ ಅಂದರು: “ತಾಯಮ್ಮುನ್ನ ‘ಏನಮ್ಮ ಅದು’ ಅಂತ ಕೇಳುದ್ರಿ. ನನ್ನ ಒಂದ್ಮಾತೂ ಕೇಳ್ನಿಲ್ವಲ್ಲ ಸಾ.”

ಮರುವರ್ಷ ಪ್ರಯೋಗವನ್ನು ಅವರೇ ನಿಂತು ಮಾಡಿಸಿದರು. ನಿಧಾನದ ತಳಿ ಯೂರಿಯಾ ಕಂಡು ಎರಡನೆಯ ಕೊಯ್ಲಿನಲ್ಲೂ ತುಂಬ ಮೇವು ಕೊಟ್ಟಿತು. ಬೇಗದ್ದು ಗೊಬ್ಬರ ಹೆಚ್ಚಾದಾಗ ನೆಲಕ್ಕೊರಗಿತು. ತಮ್ಮನ್ನೇಕೆ ಕೇಳಲಿಲ್ಲ ಎಂಬ ಪ್ರಶ್ನೆಯನ್ನು ಜವರಯ್ಯ ಮತ್ತೆಂದೂ ಎತ್ತಲಿಲ್ಲ.

ಎಲೆಯ ಬಣ್ಣ ನೋಡಿ ಮಣ್ಣಿಗೆ ಸಾರಜನಕ ಬಿದ್ದಿದೆ ಎನ್ನಬಹುದು. ಬಿದ್ದದ್ದು ಯಾರ ಕೈಯಿಂದ ಎಂಬುದನ್ನು ಎದುರಿಗೆ ನಿಂತು ಕೇಳಿಯೇ ತಿಳಿಯಬೇಕು. ಕೆಲಸ ನನಗೆ ಕಲಿಸಿದ್ದು ಇದು, ಜವರಯ್ಯನವರ ಮೂರು ವರ್ಷಗಳ ಬೆಲೆಗೆ.