ದೊಡ್ಡವ್ವನ ಎತ್ತರ

ದೊಡ್ಡವ್ವ, ನಿನ್ನ ಎತ್ತರವನ್ನು ನಾನು ಕಾಗದದಿಂದ ಅಳಿಸಿಹಾಕಿದೆ — ಅಳತೆ ತಪ್ಪಾಗಿತ್ತೆಂದಲ್ಲ, ಸರಿಯಾಗಿತ್ತೆಂದು ಗೊತ್ತಿದ್ದೂ. ಆಮೇಲೆ ನಿನ್ನ ಮುಖ ನೋಡಿಯೇ ಸುಳ್ಳು ಹೇಳಿದೆ. ಹನ್ನೊಂದು ವರ್ಷವಾಯಿತು.

ನಾನಾಗ ಚಳ್ಳಕೆರೆಯಲ್ಲಿ ಡಿಗ್ರಿಯ ಕೊನೆಯ ವರ್ಷ, ಸಂಖ್ಯಾಶಾಸ್ತ್ರ. ಹಾಸಿಗೆ ಹಿಡಿದವರನ್ನು ನಿಲ್ಲಿಸಿ ಅಳೆಯಲಾಗದು, ಆದರೆ ಮೊಳಕಾಲಿನಿಂದ ಹಿಮ್ಮಡಿಯವರೆಗಿನ ಉದ್ದ ತಿಳಿದರೆ ಎತ್ತರವನ್ನು ಲೆಕ್ಕ ಹಾಕಿ ಹೇಳಬಹುದು — ಅದೇ ನನ್ನ ಪ್ರಾಜೆಕ್ಟ್. "ಮೊಳಕಾಲ್ಮೂರಿಗೆ ಹೋಗಿ ಮೊಳಕಾಲು ಅಳೀತೀಯೇನೇ?" ಎಂದು ಗೆಳತಿಯರು ನಕ್ಕರು. ಮೊಳಕಾಲ್ಮೂರಿನ ನಿನ್ನ ಮನೆಯಲ್ಲೇ ಉಳಿದು, ನಿಮ್ಮ ಬೀದಿಯ ಹೆಂಗಸರನ್ನೆಲ್ಲ ಮಗ್ಗದಿಂದ ಎಬ್ಬಿಸಿ ಅಳೆದೆ. ಗ್ರಾಫ್ ಕಾಗದದ ಮೇಲೆ ಒಬ್ಬೊಬ್ಬರಿಗೂ ಒಂದು ಚುಕ್ಕಿ. ಚುಕ್ಕಿಗಳ ನಡುವೆ ಹಾಯುವ ಒಂದು ನೇರ ಗೆರೆ. ಲೀನಿಯರ್ ರಿಗ್ರೆಷನ್ ಎಂದರೆ ಇಷ್ಟೇ. ಎಲ್ಲರೂ ಗೆರೆಯ ಆಚೀಚೆ ನಿಂತರು. ನೀನೊಬ್ಬಳು ದೂರ ಕೆಳಗೆ ಬಿದ್ದೆ. ನಿನ್ನ ಕಾಲಿನ ಪ್ರಕಾರ ಇರಬೇಕಾದ್ದಕ್ಕಿಂತ ನೀನು ನಾಲ್ಕು ಬೆರಳು ಗಿಡ್ಡ.

ಗೈಡ್ ಮೇಡಂ ಕನ್ನಡಕ ಏರಿಸಿ ನೋಡಿದರು. "ಟೇಪ್ ತಪ್ಪಿದ್ರೆ ಇದನ್ನ ತೆಗಿ. ಅಳತೆ ಸರಿ ಇದ್ರೆ ಮೊದ್ಲು ಡಾಕ್ಟರಿಗೆ ತೋರ್ಸು. ಕಾಲು ಕುಗ್ಗಲ್ಲಮ್ಮ, ಬೆನ್ನು ಕುಗ್ಗುತ್ತೆ."

ಮತ್ತೆ ಬಂದೆ. ನಿನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಮೂರು ಸಲ ಅಳೆದೆ. ಮೂರು ಸಲವೂ ಅಷ್ಟೇ. ನೀನೇ ಕೇಳಿದೆ: "ಈಚೀಚೆಗೆ ಲಂಗ ನೆಲ ಒರೆಸ್ತೈತೆ ಕಣೇ. ಅದು ಜಗ್ಗೈತೋ, ನಾನೇ ಕುಗ್ಗೀನೋ?"

"ಲಂಗ ಜಗ್ಗಿರ್ತೈತೆ ಬಿಡು ದೊಡ್ಡವ್ವ. ನೀನು ಸರಿಯಾಗೇ ಇದ್ದೀಯ."

ಯಾಕೆ ಹಾಗೆಂದೆ? ಮುಂದಿನ ವಾರ ವೈವಾ ಇತ್ತು, ನಿನ್ನನ್ನು ಆಸ್ಪತ್ರೆಗೆ ಕರೆದೊಯ್ಯುವ ಪುರುಸೊತ್ತು — ಇಲ್ಲ, ಪುರುಸೊತ್ತಿತ್ತು. ಆ ಚುಕ್ಕಿ ತೆಗೆದರೆ ಗೆರೆ ಚೆಂದ ಕೂರುತ್ತಿತ್ತು. ಅಷ್ಟೇ. ಟೇಪ್ ತಪ್ಪಿತ್ತು ಮೇಡಂ, ಎಂದೆ. ತರಗತಿಗೇ ಹೆಚ್ಚು ಅಂಕ ನನಗೆ ಬಂತು. ನೀನು ಬೀದಿಗೆಲ್ಲ ಸಕ್ಕರೆ ಹಂಚಿದೆ.

ಎರಡು ವರ್ಷದ ಮೇಲೆ ಕೊಡ ಎತ್ತುವಾಗ ನಿನ್ನ ಬೆನ್ನುಮೂಳೆ ಮುರಿಯಿತು. ಮೂಳೆ ಬಹಳ ದಿನದಿಂದ ಟೊಳ್ಳಾಗುತ್ತ ಬಂದಿದೆ, ಮೊದಲೇ ಬಂದಿದ್ದರೆ ಔಷಧಿ ಕೊಡಬಹುದಿತ್ತು, ಎಂದರು ಡಾಕ್ಟರು. ಅಂಥ ನೋವಿನಲ್ಲೂ ನೀನು ಸುಮ್ಮನಿರಲಿಲ್ಲ: "ಆಗ ಸರಿಯಾಗೇ ಇತ್ರಿ. ನಮ್ಮ ಹುಡುಗಿ ಮೂರು ಸಲ ಅಳೆದು ನೋಡ್ಯಾಳೆ." ಡಾಕ್ಟರು ನನ್ನ ಕಡೆ ತಿರುಗಿದರು. ಅವತ್ತಾದರೂ ಬಾಯಿ ಬಿಡಬಹುದಿತ್ತು...

ಹನ್ನೆರಡನೆಯ ವಯಸ್ಸಿಗೆ ಕೂತ ಮಗ್ಗದಿಂದ ನೀನು ಎದ್ದದ್ದು ಹಾಗೆ. ಈಗ ಬೆನ್ನಿಗೆ ದಿಂಬು ಕೊಟ್ಟು ಕೂತು, ಸೊಸೆ ನೇಯುವುದನ್ನು ಕೇಳುತ್ತೀಯ. ಲಾಳಿಯ ಸದ್ದು ತಪ್ಪಿದರೆ "ಎಳೆ ಕಿತ್ತೈತೆ ನೋಡೇ" ಎಂದು ಅಲ್ಲಿಂದಲೇ ಕೂಗುತ್ತೀಯ. ನಾನೋ, ಕಾಲೇಜಿನಲ್ಲಿ ಪಾಠ ಮಾಡುತ್ತೇನೆ: ಗೆರೆಗೆ ಒಗ್ಗದ ಚುಕ್ಕಿಯನ್ನು ಸುಮ್ಮಸುಮ್ಮನೆ ತೆಗೆಯಬೇಡಿ. ಶಾಸ್ತ್ರ ಹೇಳೋಕೆ, ಬದನೇಕಾಯಿ ತಿನ್ನೋಕೆ! ಥೂ, ನನ್ನ ಜನ್ಮಕ್ಕೆ.

ಮೊನ್ನೆ ಪಕ್ಕದ ಮನೆಯವಳು ಬೆನ್ನುನೋವೆಂದು ಬಂದಳು. ನೀನು ನನ್ನ ಕೈ ಹಿಡಿದೆಳೆದು ಅವಳ ಮುಂದೆ ಕೂರಿಸಿದೆ. "ಇವಳ ಕೈಲಿ ಅಳತೆ ಮಾಡಿಸ್ಕೋ. ನಮ್ಮ ಹುಡುಗಿ ಇದ್ದದ್ದು ಇದ್ದಂಗೆ ಹೇಳ್ತಾಳೆ."

ಮರುದಿನವೇ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅದರಿಂದ ನನ್ನ ತಪ್ಪೇನೂ ಕಡಿಮೆಯಾಗಲಿಲ್ಲ. ನಿನಗೆ ಓದು ಬಾರದು. ಇದನ್ನು ನಾನೇ ನಿನ್ನೆದುರು ಕೂತು ಓದಬೇಕು. ಸೊಸೆ ಮಗ್ಗ ನಿಲ್ಲಿಸಲಿ, ಅವಳೂ ಕೇಳಲಿ. ಇದ್ದದ್ದು ಇದ್ದಂತೆ ಹೇಳುವವಳಲ್ಲ ನಾನು, ದೊಡ್ಡವ್ವ. ನಿನಗೆ ಹೇಳಲಿಲ್ಲ.